ಮ್ಯೂನಿಕ್‌ನಲ್ಲಿ ಮನೆ ಹುಡುಕ್ತಿದ್ದೀರಾ? ಆಫೀಸಿಗಿಂತ ಮೊದಲು ಶನಿವಾರದ ರೈಲು ನೋಡಿ

ಹೊಸದಾಗಿ ಮ್ಯೂನಿಕ್‌ಗೆ ಕೆಲಸಕ್ಕೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು. "ಆಫೀಸು ಇಂಥಾ ಕಡೆ ಇದೆ ಅಣ್ಣಾ, ಹತ್ತಿರದಲ್ಲಿ ಯಾವ ಏರಿಯಾ ಒಳ್ಳೇದು?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ವಾರಕ್ಕೆ ಎಷ್ಟು ದಿನ ಆಫೀಸು? ಶನಿವಾರ ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಾ?

ಎರಡನೆಯದಕ್ಕೆ ನಗುತ್ತಾರೆ. ನಾನೇನೂ ತಮಾಷೆ ಮಾಡುತ್ತಿಲ್ಲ. ನನಗೆ ಗೊತ್ತಿರುವ ಐಟಿಯವರಲ್ಲಿ ಜಾಸ್ತಿ ಜನ ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಮುಖ ತೋರಿಸಿ ಬಂದರೆ ಮುಗಿಯಿತು. ಶನಿವಾರ ಮಾತ್ರ ತಪ್ಪದೆ ಬರುತ್ತದೆ. ಆಲ್ಪ್ಸ್ ಬೆಟ್ಟ ಒಂದೂವರೆ ಗಂಟೆ ದೂರದಲ್ಲಿ ಕೂತಿರುತ್ತದೆ, ಭಾನುವಾರ ಅಂಗಡಿ ಬಾಗಿಲೆಲ್ಲ ಮುಚ್ಚಿರುತ್ತದೆ, ಮನೆಯಲ್ಲೇ ಬಿದ್ದುಕೊಂಡರೆ ನವೆಂಬರ್ ಹೊತ್ತಿಗೆ ತಲೆ ಕೆಟ್ಟು ಹೋಗುತ್ತದೆ. ಹಾಗಾಗಿ ಮನೆ ಆರಿಸುವಾಗ ಹಾಸಿಗೆಯಿಂದ ಬೆಟ್ಟದ ರೈಲಿಗೆ ಎಷ್ಟು ನಿಮಿಷ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ನಾನು ಮೊದಲು ತಗೊಂಡಿರಲಿಲ್ಲ.

ನಾನು ಹಾಸನದವನು. ಇಲ್ಲಿಗೆ ಬಂದು ನಾಲ್ಕು ವರ್ಷ, ಮೂರು ಮನೆ. ಮೊದಲ ಮೂರು ತಿಂಗಳು ಸಾಮಾನು ಸಮೇತ ಸಿಗುವ ತಾತ್ಕಾಲಿಕ ಫ್ಲ್ಯಾಟು. ಆಮೇಲೆ ಹದಿನಾಲ್ಕು ತಿಂಗಳು ಗೀಸಿಂಗ್ ಅನ್ನುವ ಬಡಾವಣೆಯಲ್ಲಿ ಹಂಚಿಕೊಂಡ ಮನೆ. ಈಗ ಪಾಸಿಂಗ್ ಹತ್ತಿರ ಒಂದು ಕೋಣೆಯ ಮನೆ. ಮ್ಯೂನಿಕ್ ಹೊರಗಿನ ಊರುಗಳಾದ ಫ್ರೈಸಿಂಗ್‌ನಲ್ಲಿ, ಆಗ್ಸ್‌ಬರ್ಗ್‌ನಲ್ಲಿ ಗೆಳೆಯರಿದ್ದಾರೆ, ಅವರ ಸೋಫಾ ಮೇಲೆ ಮಲಗಿ ಮಲಗಿ ಆ ಊರುಗಳೂ ಅಭ್ಯಾಸವಾಗಿವೆ. ಕೆಳಗೆ ಬರುವ ಬಾಡಿಗೆಯ ಅಂಕಿಗಳು ನಾನೂ ಗೆಳೆಯರೂ ಕೈಯಿಂದ ಕೊಟ್ಟದ್ದು, ಊರಿನ ಸರಾಸರಿ ಅಲ್ಲ.

ಜಾಹೀರಾತು ಓದುವ ಮೊದಲು

ಕಾಲ್ಟ್‌ಮೀಟೆ ಅಂದರೆ ಬರೀ ಗೋಡೆಯ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಅದಕ್ಕೆ ಹೀಟಿಂಗು, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚೆಲ್ಲ ಸೇರಿದ್ದು. ಕರೆಂಟು ಮತ್ತು ಇಂಟರ್ನೆಟ್ ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ವರ್ಷದ ಕೊನೆಗೆ ಲೆಕ್ಕ ಹಾಕಿ ಹೀಟಿಂಗ್ ಜಾಸ್ತಿ ಉರಿಸಿದ್ದರೆ ಇನ್ನಷ್ಟು ಕೇಳುತ್ತಾರೆ. ಇದಲ್ಲದೆ ಟಿವಿ ರೇಡಿಯೋ ಶುಲ್ಕ ತಿಂಗಳಿಗೆ 18.36 ಯೂರೋ. ಮನೆಯಲ್ಲಿ ಟಿವಿ ಇಲ್ಲ ಅಂದರೂ ಬಿಡುವುದಿಲ್ಲ. ಆದರೆ ಅದು ತಲೆಗಲ್ಲ, ಮನೆಗೊಂದು, ಮೂವರಿದ್ದರೆ ಮೂರು ಪಾಲು.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರು ನೋಡಿದವರಿಗೆ ಇದು ಸ್ವರ್ಗ. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿಸಿಕೊಂಡು ಬಂದವರಲ್ವಾ ನಾವು. ಇಲ್ಲಿ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಬ್ರೋಕರ್ ಕಮಿಷನ್ ಕೂಡ 2015ರಿಂದ ಯಾರು ಕರೆದರೋ ಅವರೇ ಕೊಡಬೇಕು. ಮನೆ ಮಾಲೀಕರು ಕರೆದ ಬ್ರೋಕರ್ ನಿಮ್ಮ ಹತ್ತಿರ ದುಡ್ಡು ಕೇಳಿದರೆ ಎದ್ದು ಬನ್ನಿ.

ನರಕ ಇರುವುದು ಅಡುಗೆಮನೆಯಲ್ಲಿ. ಖಾಲಿ ಮನೆ ಅಂದರೆ ಇಲ್ಲಿ ನಿಜವಾಗಿಯೂ ಖಾಲಿ. ನಾನು ನೋಡಿದ ಎರಡನೇ ಮನೆಯಲ್ಲಿ ಅಡುಗೆಮನೆ ಅಂತ ತೋರಿಸಿದ ಕೋಣೆಯಲ್ಲಿ ಗೋಡೆಯಿಂದ ಹೊರಬಂದ ಎರಡು ಪೈಪು, ಒಲೆಗೆ ಒಂದು ಪ್ಲಗ್ಗು, ಚಾವಣಿಯಿಂದ ನೇತಾಡುವ ಎರಡು ವೈರು, ಇಷ್ಟೇ. ಸಿಂಕೂ ಇಲ್ಲ, ಬಲ್ಬೂ ಇಲ್ಲ. ಹಿಂದಿನ ಬಾಡಿಗೆದಾರ ಎಲ್ಲವನ್ನೂ ಬಿಚ್ಚಿಕೊಂಡು ಹೋಗಿದ್ದ. ಕೆಲವರು ಬಿಟ್ಟುಹೋಗುತ್ತಾರೆ, ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಹಳೇ ಅಡುಗೆಮನೆಗೆ ಸಾವಿರ ಯೂರೋ ಜಾಸ್ತಿ ಅನ್ನಿಸಿದರೂ ಹೊಸದು ಹಾಕಿಸುವ ರಗಳೆ ನೋಡಿದರೆ ನಾನಾದರೆ ಚೌಕಾಸಿ ಮಾಡಿ ಕೊಟ್ಟುಬಿಡುತ್ತೇನೆ.

ಇನ್ನೊಂದು ಪದ ಆನ್‌ಮೆಲ್ಡುಂಗ್. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಹಾಳೆ ಬೇಕು. ಅದು ಆಗದಿದ್ದರೆ ತೆರಿಗೆ ನಂಬರ್ ಬರುವುದಿಲ್ಲ. ನಂಬರ್ ಇಲ್ಲದಿದ್ದರೆ ಸಂಬಳದಲ್ಲಿ ಆರನೇ ದರ್ಜೆಯ ತೆರಿಗೆ ಹಿಡಿಯುತ್ತಾರೆ. ಅದು ವಿಪರೀತ. ಮುಂದೆ ವಾಪಸ್ ಬರುತ್ತದೆ ನಿಜ, ಆದರೆ ಮೊದಲ ತಿಂಗಳಲ್ಲಿ ದುಡ್ಡು ಬೇಕಾದದ್ದು ಆಗಲೇ ಅಲ್ವಾ. ಜಾಹೀರಾತಿನಲ್ಲಿ ಆನ್‌ಮೆಲ್ಡುಂಗ್ ಸಾಧ್ಯವಿಲ್ಲ ಅಂತಿದ್ದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಮುಂದೆ ಹೋಗಿ.

ತಾತ್ಕಾಲಿಕ ಫ್ಲ್ಯಾಟು

ಸೂಟ್‌ಕೇಸ್ ಹಿಡಿದು ಒಳಗೆ ಹೋದರೆ ಹಾಸಿಗೆ, ತಟ್ಟೆ, ಚಮಚ ಎಲ್ಲ ಇರುತ್ತದೆ. ಊರಿನಲ್ಲಿ ಕೂತೇ ಬುಕ್ ಮಾಡಬಹುದು. ದುಬಾರಿ. ನಾನು 22 ಚದರ ಮೀಟರಿಗೆ ತಿಂಗಳಿಗೆ 1,350 ಯೂರೋ ಕೊಟ್ಟೆ. ಅಮ್ಮನಿಗೆ ಹೇಳಿದಾಗ ಅವರು ರೂಪಾಯಿಗೆ ಗುಣಿಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂರು ತಿಂಗಳಿಗೆ ಸರಿ, ಆರು ತಿಂಗಳಿಗೆ ತಪ್ಪು. ಕಂಪನಿ ದುಡ್ಡು ಕೊಡುವಷ್ಟು ದಿನ ಇರಿ, ಆ ದಿನಗಳನ್ನು ಮನೆ ಹುಡುಕುವುದಕ್ಕೆ ಬಳಸಿ, ಮ್ಯೂಸಿಯಂ ಆಮೇಲೆ ನೋಡಬಹುದು.

ವೇಗೇ, ಅಂದರೆ ಹಂಚಿಕೊಂಡ ಮನೆ

ಒಬ್ಬರಿಗೊಂದು ಕೋಣೆ, ಅಡುಗೆಮನೆ ಮತ್ತು ಬಚ್ಚಲು ಎಲ್ಲರದ್ದು. ಜಾಹೀರಾತಿನಲ್ಲಿ WG ಅಂತ ಇರುತ್ತದೆ, ಆ ಎರಡು ಅಕ್ಷರಗಳನ್ನು ಜರ್ಮನ್ನರು ವೇ, ಗೇ ಅಂತ ಉಚ್ಚರಿಸುತ್ತಾರೆ. ನನ್ನ ಕೋಣೆ 14 ಚದರ ಮೀಟರ್, ಎಲ್ಲ ಸೇರಿ 760 ಯೂರೋ. ಅಡುಗೆಮನೆಯ ತಲೆನೋವಿಲ್ಲ, ವಾಷಿಂಗ್ ಮಷೀನ್ ಇರುತ್ತದೆ, ಹೊಸ ಊರಿನಲ್ಲಿ ಕಾಯಿಲೆ ಬಿದ್ದರೆ ಬಾಗಿಲು ತಟ್ಟಿ ಕೇಳುವುದಕ್ಕೆ ಒಂದು ಜೀವ ಇರುತ್ತದೆ. ಈ ಕೊನೆಯದಕ್ಕೆ ಎಷ್ಟು ಬೆಲೆ ಅನ್ನುವುದು ಮೊದಲ ಚಳಿಗಾಲದಲ್ಲಿ ಗೊತ್ತಾಗುತ್ತದೆ.

ಕೋಣೆ ಸಿಗುವುದು ಕೆಲಸದ ಇಂಟರ್ವ್ಯೂಗಿಂತ ಕಷ್ಟ. ಅಡುಗೆಮನೆಯಲ್ಲಿ ಕೂರಿಸಿ ಬಿಯರ್ ಕೊಟ್ಟು, ಏನು ಹವ್ಯಾಸ, ರಾತ್ರಿ ಎಷ್ಟಕ್ಕೆ ಮಲಗ್ತೀಯ, ಕ್ಲೀನಿಂಗ್ ಹೇಗೆ ಅಂತ ಸುಮ್ನೆ ಹರಟೆ ಥರ ಕೇಳುತ್ತಾರೆ. ಅದು ಹರಟೆ ಅಲ್ಲ. ಒಂಬತ್ತು ಕಡೆ ಹೋಗಿ ಬಂದೆ, ಎಂಟು ಕಡೆ ಇಲ್ಲ ಅಂದರು. ಒಂಬತ್ತನೆಯ ಕಡೆ ನಾನು ಅಡುಗೆ ಮಾಡುತ್ತೇನೆ, ವಾರಕ್ಕೊಮ್ಮೆ ಎಲ್ಲರಿಗೂ ಮಾಡುತ್ತೇನೆ ಅಂದೆ. ಕೋಣೆ ಸಿಕ್ಕಿತು.

ಸಿಕ್ಕಿದ ಮೊದಲ ಭಾನುವಾರವೇ ಕುಕ್ಕರ್ ಇಟ್ಟೆ. ಮೊದಲ ಸೀಟಿಗೆ ಪಕ್ಕದ ಕೋಣೆಯ ಹುಡುಗ ಬರಿಗಾಲಲ್ಲಿ ಓಡಿ ಬಂದು ಕಿಟಕಿ ತೆಗೆದ, ಎರಡನೇ ಸೀಟಿಗೆ ಇನ್ನೊಬ್ಬಳು ಬಚ್ಚಲಿಂದ ಫೈರ್ ಅಲಾರ್ಮಾ ಅಂತ ಕೂಗಿದಳು, ಮೂರನೇ ಸೀಟಿಗೆ ಕೆಳಗಿನ ಮನೆಯ ಅಜ್ಜಿ ಬೆಲ್ ಒತ್ತಿದರು. ಭಾನುವಾರ ಇಲ್ಲಿ ಇಡೀ ದಿನ ಸದ್ದು ಮಾಡಬಾರದ ದಿನ. ಡ್ರಿಲ್ಲಿಂಗ್ ಅಂತೂ ಮಾಡಲೇಬಾರದು. ವಾರದ ದಿನ ರಾತ್ರಿ ಹತ್ತರ ಮೇಲೆ ಅದೇ ನಿಯಮ. ಅಜ್ಜಿಗೆ ಒಂದು ಬಟ್ಟಲು ಬಿಸಿಬೇಳೆಬಾತ್ ಕೊಟ್ಟ ಮೇಲೆ ಸಮಾಧಾನವಾದರು, ಖಾರ ಜಾಸ್ತಿ ಆಯಿತು ಅಂತ ಮಾರನೇ ದಿನ ಬಟ್ಟಲು ವಾಪಸ್ ಕೊಡುವಾಗ ಹೇಳಿದರು.

ಒಪ್ಪಂದ ಯಾರ ಹೆಸರಲ್ಲಿದೆ ಕೇಳಿ. ಮನೆಯಲ್ಲಿ ಒಬ್ಬನೇ ಮುಖ್ಯ ಬಾಡಿಗೆದಾರ, ನೀವು ಅವನ ಕೈಕೆಳಗೆ ಅಂತಾದರೆ ಮಾಲೀಕರ ಒಪ್ಪಿಗೆ ಇದೆಯಾ ನೋಡಬೇಕು. ನಮ್ಮ ಮನೆಯಲ್ಲಿ ಮುಖ್ಯ ಬಾಡಿಗೆದಾರ ಬೇರೆ ಊರಿಗೆ ಕೆಲಸ ಹಿಡಿದು ಹೊರಟ, ಅವನ ಒಪ್ಪಂದದ ಜೊತೆ ನಮ್ಮೆಲ್ಲರದ್ದೂ ಮುಗಿಯಿತು. ಹದಿನಾಲ್ಕೇ ತಿಂಗಳು ಯಾಕೆ ಅಂದರೆ ಇದಕ್ಕೇ.

ಒಂಟಿ ಮನೆ, ಊರೊಳಗೆ

ಸ್ವಂತ ಒಗ್ಗರಣೆ, ಸ್ವಂತ ಬಚ್ಚಲು. ನನ್ನದು 29 ಚದರ ಮೀಟರ್, ವಾರ್ಮ್ 1,150. ಸಿಗಬೇಕಾದರೆ ಮೂರು ತಿಂಗಳ ಸಂಬಳದ ಚೀಟಿ ಮತ್ತು ಶುಫಾ ಅನ್ನುವ ಸಾಲದ ಇತಿಹಾಸದ ಪತ್ರ ಕೇಳುತ್ತಾರೆ. ಬಂದ ಹೊಸತರಲ್ಲಿ ಎರಡೂ ಇರುವುದಿಲ್ಲ. ಆದ್ದರಿಂದಲೇ ಇದು ಎರಡನೇ ಮನೆಯಾಗಿ ಚೆನ್ನ, ಮೊದಲನೆಯದಾಗಿ ಕಷ್ಟ. ಅವಧಿ ಇಲ್ಲದ ಒಪ್ಪಂದ ಸಿಕ್ಕರೆ ಬಿಡುವಾಗ ಮೂರು ತಿಂಗಳ ನೋಟಿಸ್ ಕೊಡಬೇಕು, ಇದನ್ನು ಮರೆತು ಮುಂದಿನ ಮನೆಗೆ ಸಹಿ ಹಾಕಿ ಎರಡೆರಡು ಬಾಡಿಗೆ ಕಟ್ಟಿದವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ.

ಫ್ರೈಸಿಂಗ್, ಆಗ್ಸ್‌ಬರ್ಗ್

ಇಲ್ಲಿಗೆ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಮೊದಲೆಲ್ಲ ದೂರ ಇದ್ದಷ್ಟೂ ರೈಲಿನ ಪಾಸು ದುಬಾರಿ, ಬಾಡಿಗೆಯಲ್ಲಿ ಉಳಿಸಿದ್ದನ್ನು ಪಾಸಿಗೆ ಕಟ್ಟಬೇಕಿತ್ತು. 2023ರ ಮೇನಲ್ಲಿ ಡಾಯ್ಚ್‌ಲ್ಯಾಂಡ್ ಟಿಕೆಟ್ ಬಂತು. ಆಗ ತಿಂಗಳಿಗೆ 49 ಯೂರೋ, 2025ರಲ್ಲಿ 58, 2026ರ ಜನವರಿಯಿಂದ 63. ದೇಶದ ಎಲ್ಲ ಸಿಟಿ ಬಸ್ಸು, ಟ್ರ್ಯಾಮು, ಮೆಟ್ರೋ, ಪ್ರಾದೇಶಿಕ ರೈಲು ಅದರಲ್ಲೇ. ದೂರದ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಊರೊಳಗಿರುವ ನನಗೂ ಆಗ್ಸ್‌ಬರ್ಗ್‌ನ ಗೆಳೆಯನಿಗೂ ಈಗ ಒಂದೇ ಪಾಸು, ಒಂದೇ ಬೆಲೆ.

ಅವನ ಮನೆ ವಾರ್ಮ್ 720. ನನಗಿಂತ 430 ಕಡಿಮೆ, ಕೋಣೆ ನನಗಿಂತ ದೊಡ್ಡದು. ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ ಅವನಿಗೆ 85 ನಿಮಿಷ, ನನಗೆ 30. ವಾರಕ್ಕೆ ಎರಡು ದಿನ ಆಫೀಸು ಅಂದರೆ ತಿಂಗಳಿಗೆ ಎಂಟು ದಿನ, ಹೋಗಿ ಬರುವುದರಲ್ಲಿ ಅವನಿಗೆ ಜಾಸ್ತಿಯಾಗುವುದು ಹತ್ತಿರ ಹತ್ತಿರ 15 ಗಂಟೆ. ಅಂದರೆ ರೈಲಿನಲ್ಲಿ ಕೂತ ಪ್ರತಿ ಗಂಟೆಗೆ 29 ಯೂರೋ ಉಳಿತಾಯ. ಒಳ್ಳೇ ಸಂಬಳ! ಅದೇ ವಾರಕ್ಕೆ ಐದೂ ದಿನ ಹೋಗಬೇಕಾದರೆ 37 ಗಂಟೆ, ಗಂಟೆಗೆ ಹನ್ನೊಂದೂ ಚಿಲ್ಲರೆ. ಆಗ ನಾನು ಒಪ್ಪುವುದಿಲ್ಲ. ಈ ಲೆಕ್ಕವನ್ನು ನಿಮ್ಮ ಅಂಕಿಗಳನ್ನು ಹಾಕಿ ಮಾಡಿ ನೋಡಿ, ಏರಿಯಾ ಯಾವುದು ಒಳ್ಳೇದು ಅನ್ನುವ ಪ್ರಶ್ನೆಗಿಂತ ಬೇಗ ಉತ್ತರ ಸಿಗುತ್ತದೆ.

ಆಗ್ಸ್‌ಬರ್ಗ್‌ನಿಂದ ಬೆಟ್ಟದ ಬುಡದ ಫ್ಯೂಸೆನ್‌ಗೆ ನೇರ ರೈಲಿದೆ, ಊರೂ ಸುಂದರ. ಬಾಡಿಗೆಯ ಮಾತು ಬಂದಾಗಲೆಲ್ಲ ಗೆಳೆಯ ಅಲ್ಲಿನ ಫುಗ್ಗರೈ ತೋರಿಸುತ್ತಾನೆ. 1521ರಲ್ಲಿ ಯಾಕೋಬ್ ಫುಗ್ಗರ್ ಅನ್ನುವ ಸಾಹುಕಾರ ಬಡವರಿಗೆ ಕಟ್ಟಿಸಿದ ಮನೆಗಳು, ಈಗಲೂ ಜನ ಇದ್ದಾರೆ, ವರ್ಷದ ಬಾಡಿಗೆ 88 ಸೆಂಟು. ಹೌದು, ವರ್ಷಕ್ಕೆ. ಷರತ್ತೇನೆಂದರೆ ಆ ಊರಿನವರಾಗಿರಬೇಕು, ಕ್ಯಾಥೊಲಿಕ್ ಆಗಿರಬೇಕು, ಕಷ್ಟದಲ್ಲಿರಬೇಕು, ದಿನಕ್ಕೆ ಮೂರು ಪ್ರಾರ್ಥನೆ ಮಾಡಬೇಕು. ಮೂರನೆಯದು ನಮ್ಮಲ್ಲಿದೆ. ಇನ್ನೊಂದು ಮಜಾ, ಆಗಸ್ಟ್ 8 ಆಗ್ಸ್‌ಬರ್ಗ್ ನಗರಕ್ಕೆ ಮಾತ್ರ ಸಿಗುವ ಸರ್ಕಾರಿ ರಜೆ. ಆದರೆ ರಜೆ ಲೆಕ್ಕ ಕೆಲಸದ ಜಾಗದ್ದು. ಹಾಗಾಗಿ ಊರೆಲ್ಲ ಮಲಗಿರುವಾಗ ನಮ್ಮ ಗೆಳೆಯ ಖಾಲಿ ರೈಲು ಹತ್ತಿ ಮ್ಯೂನಿಕ್‌ಗೆ ಬರುತ್ತಾನೆ.

ಫ್ರೈಸಿಂಗ್ ಬೇರೆ ಥರ. ಪ್ರಾದೇಶಿಕ ರೈಲಿನಲ್ಲಿ 25 ನಿಮಿಷ, ಎಸ್‌ಬಾನ್ ಅನ್ನುವ ಲೋಕಲ್ ರೈಲು ಹತ್ತಿದರೆ ಮುಕ್ಕಾಲು ಗಂಟೆಯ ಹತ್ತಿರ. ಏರ್‌ಪೋರ್ಟ್ ಪಕ್ಕದಲ್ಲೇ ಇರುವುದರಿಂದ ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ, ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಅನುಕೂಲ. ಆದರೆ ಫ್ರೈಸಿಂಗ್ ಇರುವುದು ಉತ್ತರಕ್ಕೆ, ಬೆಟ್ಟ ಇರುವುದು ದಕ್ಷಿಣಕ್ಕೆ. ಶನಿವಾರ ಮೊದಲು ಮ್ಯೂನಿಕ್‌ಗೆ ಬಂದು ರೈಲು ಬದಲಿಸಬೇಕು. ಅಲ್ಲಿನ ಗೆಳತಿ ಬೆಟ್ಟ ಬಿಟ್ಟು ರೇಗೆನ್ಸ್‌ಬರ್ಗ್, ಲಾಂಡ್ಸ್‌ಹೂಟ್ ಅಂತ ಹಳೇ ಊರುಗಳನ್ನು ನೋಡುವವಳಾಗಿದ್ದಾಳೆ, ಯಾಕಂದರೆ ಅವು ಅವಳ ಸ್ಟೇಷನ್‌ನಿಂದ ನೇರ. ಮನೆ ನಮ್ಮ ಹವ್ಯಾಸವನ್ನೂ ಬದಲಿಸುತ್ತದೆ ನೋಡಿ.

ವೀಸಾ ಕಡತ ಕೂಡ ಮನೆ ಇರುವ ಕಡೆಯ ಕಚೇರಿಗೇ ಹೋಗುತ್ತದೆ. ಕಾರ್ಡ್ ನವೀಕರಣಕ್ಕೆ ಅರ್ಜಿ ಹಾಕಿ ಮಧ್ಯದಲ್ಲಿ ಊರು ಬದಲಿಸಬೇಡಿ.

ಊರೊಳಗಾದರೆ ಮೂರು ಬಾಗಿಲು

ಇದನ್ನು ಯಾರೂ ಹೇಳಲಿಲ್ಲ, ನಾನೇ ರೈಲು ತಪ್ಪಿಸಿಕೊಂಡು ಕಲಿತದ್ದು. ಬೆಟ್ಟ ಕೆರೆಗಳ ಕಡೆಯ ರೈಲುಗಳು ಮುಖ್ಯ ನಿಲ್ದಾಣದಿಂದ ಹೊರಟರೂ ಊರು ಬಿಡುವ ಮೊದಲು ಇನ್ನೊಂದು ಕಡೆ ನಿಲ್ಲುತ್ತವೆ. ಗಾರ್ಮಿಶ್ ಕಡೆಯವು ಪಾಸಿಂಗ್‌ನಲ್ಲಿ. ಸಾಲ್ಜ್‌ಬರ್ಗ್ ಮತ್ತು ಕೀಮ್‌ಸೇ ಕೆರೆಯ ಕಡೆಯವು ಓಸ್ಟ್‌ಬಾನ್‌ಹೋಫ್‌ನಲ್ಲಿ. ಟೇಗರ್ನ್‌ಸೇ, ಶ್ಲೀರ್‌ಸೇ ಕಡೆಯವು ಡೊನ್ನರ್ಸ್‌ಬರ್ಗರ್‌ಬ್ರ್ಯೂಕೆ ಮತ್ತು ಹರಾಸ್‌ನಲ್ಲಿ. ಹತ್ತಿರದಲ್ಲಿ ಮನೆ ಸಿಕ್ಕರೆ ಬೆಳಿಗ್ಗೆ ಅರ್ಧ ಗಂಟೆ ಜಾಸ್ತಿ ನಿದ್ದೆ. ಸೀಟು ಮಾತ್ರ ಮುಖ್ಯ ನಿಲ್ದಾಣದವರ ಪಾಲು. ಚಳಿಗಾಲದಲ್ಲಿ ಪಾಸಿಂಗ್‌ನಲ್ಲಿ ಗಾರ್ಮಿಶ್ ರೈಲು ಹತ್ತಿದರೆ ಸ್ಕೀ ಹಲಗೆಗಳ ಮಧ್ಯೆ ನಿಂತೇ ಹೋಗಬೇಕು.

ಎಸ್‌ಬಾನ್‌ಗಳಲ್ಲಿ ಹೆಚ್ಚಿನವು ಊರಿನ ನಡುವೆ ಒಂದೇ ಸುರಂಗದಲ್ಲಿ ಹಾದು ಹೋಗುತ್ತವೆ. ಕೆಲವು ವಾರಾಂತ್ಯ ಕಾಮಗಾರಿಗೆ ಅದನ್ನು ಮುಚ್ಚುತ್ತಾರೆ. ಮನೆ ಹತ್ತಿರ ಮೆಟ್ರೋ ಅಥವಾ ಟ್ರ್ಯಾಮ್ ಕೂಡ ಇದೆಯಾ ನೋಡಿಕೊಳ್ಳಿ. ಇನ್ನು ಊರಿನ ದಕ್ಷಿಣದ ಹೊರವಲಯ, ಸ್ಟಾರ್ನ್‌ಬರ್ಗ್ ಕಡೆಯೆಲ್ಲ ಬೆಟ್ಟ ಕೆರೆ ಬಾಗಿಲಲ್ಲೇ ಇರುತ್ತದೆ, ಬಾಡಿಗೆಯೂ ಬೆಟ್ಟದಷ್ಟೇ ಇರುತ್ತದೆ. ಬಿಡಿ.

ಮೋಸದ ಬಗ್ಗೆ ಒಂದು ಮಾತು. ಮಾಲೀಕ ವಿದೇಶದಲ್ಲಿದ್ದಾನೆ, ಕೀ ಪೋಸ್ಟಿನಲ್ಲಿ ಕಳಿಸುತ್ತಾನೆ, ಮೊದಲು ಡೆಪಾಸಿಟ್ ಹಾಕು ಅನ್ನುತ್ತಾನೆ, ಫೋಟೋದಲ್ಲಿ ಮನೆ ಅರಮನೆ ಥರ ಇದೆ, ಬಾಡಿಗೆ 600. ಅದು ಮನೆಯೇ ಅಲ್ಲ. ಒಳಗೆ ಕಾಲಿಡದೆ ಒಂದು ಸೆಂಟೂ ಕೊಡಬೇಡಿ. ಬರಲು ಆಗದಿದ್ದರೆ ಇಲ್ಲಿರುವ ಯಾರಾದರೂ ಕನ್ನಡದವರನ್ನು ಕೇಳಿ, ಶನಿವಾರ ಅಲ್ಲದಿದ್ದರೆ ಹೋಗಿ ನೋಡಿ ಬರುತ್ತಾರೆ.

ಹಾಗಾದರೆ ಶನಿವಾರ ಎಲ್ಲಿಗೆ?

ಮೊದಲ ಸಲಕ್ಕೆ ಎಲ್ಲರೂ ನೊಯ್‌ಶ್ವಾನ್‌ಸ್ಟೈನ್ ಕೋಟೆಗೆ ಓಡುತ್ತಾರೆ. ಫ್ಯೂಸೆನ್‌ವರೆಗೆ ಎರಡು ಗಂಟೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಬೆಟ್ಟ ಹತ್ತಬೇಕು. ಒಳಗಿನ ಟಿಕೆಟ್ ಮೊದಲೇ ಆನ್‌ಲೈನಲ್ಲಿ ತಗೊಳ್ಳದಿದ್ದರೆ ಕಷ್ಟ. ನನ್ನ ಕೇಳಿದರೆ ಒಳಗೆ ಹೋಗದಿದ್ದರೂ ನಡೆಯುತ್ತದೆ, ಸೇತುವೆ ಮೇಲಿಂದ ಕಾಣುವ ನೋಟವೇ ಸಾಕು. ಸಾಲ್ಜ್‌ಬರ್ಗ್‌ನ ನಿಲ್ದಾಣದವರೆಗೂ ನಮ್ಮ ಡಾಯ್ಚ್‌ಲ್ಯಾಂಡ್ ಟಿಕೆಟ್ ನಡೆಯುತ್ತದೆ, ಊರೊಳಗಿನ ಬಸ್ಸಿಗೆ ಬೇರೆ ದುಡ್ಡು. ಅದು ಆಸ್ಟ್ರಿಯಾ ಅನ್ನುವುದನ್ನು ಮರೆಯಬೇಡಿ, ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ಹತ್ತಿ ನೋಡುತ್ತಾರೆ, ಪಾಸ್‌ಪೋರ್ಟ್ ಮತ್ತು ವೀಸಾ ಕಾರ್ಡ್ ಎರಡೂ ಜೇಬಲ್ಲಿರಲಿ. ಗಾರ್ಮಿಶ್ ಹತ್ತಿರದ ಐಬ್‌ಸೇ ಕೆರೆ ಸುತ್ತ ನಡೆಯುವುದು ಬಿಟ್ಟಿ, ಅಲ್ಲಿಂದ 2,962 ಮೀಟರ್ ಎತ್ತರದ ಟ್ಸುಗ್‌ಸ್ಪಿಟ್ಸೆಗೆ ಹೋಗುವ ಕೇಬಲ್ ಕಾರಿಗೆ ಪಾಸು ನಡೆಯುವುದಿಲ್ಲ, ಜೇಬು ಗಟ್ಟಿ ಇರಬೇಕು. ಮಳೆ ಬಂದರೆ ಮ್ಯೂನಿಕ್‌ನ ಪಿನಾಕೊಥೆಕ್ ಚಿತ್ರಶಾಲೆಗಳು.

ಅಪ್ಪ ಅಮ್ಮ ಬಂದಾಗ ಅವರಿಗೆ ತಿಂಗಳ ಪಾಸು ಮಾಡಿಸಬೇಡಿ, ಅದನ್ನು ಆ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳೂ ದುಡ್ಡು ಹೋಗುತ್ತದೆ. ದಿನದ ಬಯರ್ನ್ ಟಿಕೆಟ್ ಸಾಕು, ಐದು ಜನರವರೆಗೆ ಒಂದೇ ಟಿಕೆಟ್, ವಾರದ ದಿನ ಬೆಳಿಗ್ಗೆ ಒಂಬತ್ತರ ನಂತರ, ಶನಿವಾರ ಭಾನುವಾರ ಇಡೀ ದಿನ. ನಮ್ಮಮ್ಮನನ್ನು ಹಾಗೇ ಟೇಗರ್ನ್‌ಸೇಗೆ ಕರೆದುಕೊಂಡು ಹೋದೆ. ಒಂದು ಗಂಟೆ ರೈಲು, ಇಳಿದರೆ ಹತ್ತು ನಿಮಿಷದಲ್ಲಿ ಕೆರೆ, ಬೆಟ್ಟ ಹತ್ತಲೇಬೇಕು ಅಂತಿಲ್ಲ. ನೋಡಿ ಅಮ್ಮ ಅಂದದ್ದು, "ನಮ್ಮ ಗೊರೂರು ಹಿನ್ನೀರಿನ ಹಂಗೇ ಐತಲ್ಲೋ, ಕ್ಲೀನಾಗೈತೆ ಅಷ್ಟೇ."

ಆ ದಾರಿಯ ರೈಲಿನಲ್ಲಿ ಒಂದು ಹುಷಾರು. ಹತ್ತುವಾಗ ಒಂದೇ ರೈಲು, ಹೋಲ್ಟ್ಸ್‌ಕಿರ್ಶೆನ್‌ನಲ್ಲಿ ಒಂದು ತುಂಡು ಕಳಚಿಕೊಂಡು ಬೈರಿಶ್‌ಟ್ಸೆಲ್ ಕಡೆ ಹೋಗುತ್ತದೆ, ಶಾಫ್ಟ್‌ಲಾಖ್‌ನಲ್ಲಿ ಉಳಿದದ್ದು ಮತ್ತೆ ಎರಡಾಗಿ ಒಂದು ಟೇಗರ್ನ್‌ಸೇಗೆ, ಇನ್ನೊಂದು ಲೆಂಗ್ರೀಸ್‌ಗೆ. ಬೋಗಿಯ ಮೇಲೆ ಬರೆದ ಊರಿನ ಹೆಸರು ಓದಿ ಹತ್ತಬೇಕು. ನಾವು ಮೊದಲ ಸಲ ಐದು ಜನ ಹೋದಾಗ ಸೀಟು ಸಿಕ್ಕ ಕಡೆ ಕೂತೆವು. ಇಬ್ಬರು ಟೇಗರ್ನ್‌ಸೇ ಮುಟ್ಟಿದೆವು, ಮೂವರು ಲೆಂಗ್ರೀಸ್‌ಗೆ ಹೋದರು, ಬೆಳಿಗ್ಗೆ ಐದಕ್ಕೆದ್ದು ನಾನು ಕಲಸಿದ್ದ ಪುಳಿಯೋಗರೆ ಡಬ್ಬಿ ಅವರ ಬ್ಯಾಗಲ್ಲಿತ್ತು. ಸಂಜೆ ವಾಪಸ್ ಬರುವಾಗ ಶಾಫ್ಟ್‌ಲಾಖ್‌ನಲ್ಲಿ ಎರಡು ತುಂಡೂ ಮತ್ತೆ ಕೂಡಿದವು. ಪ್ಲಾಟ್‌ಫಾರ್ಮಲ್ಲಿ ಓಡಿ ಅವರ ಬೋಗಿ ಹತ್ತಿದೆ. "ಉಪ್ಪು ಸ್ವಲ್ಪ ಕಮ್ಮಿ ಆಗಿತ್ತು ಮಗಾ," ಅಂತ ಖಾಲಿ ಡಬ್ಬಿ ಕೈಗೆ ಕೊಟ್ಟರು.